ಮಾವನ ಗಂಟಲು, ನನ್ನ ಹೆಸರು

ನನ್ನ ಮಾವನಿಗೆ ಮೊದಲ ಸಲ ತುತ್ತು ಎದೆಯಲ್ಲಿ ನಿಂತದ್ದು ನನ್ನ ಕೈಯ ಮುದ್ದೆ ತಿನ್ನುವಾಗ. ಅದು ಅವರ ಮಗಳ ಮನೆಯಲ್ಲಿ ನಿಂತಿದ್ದರೆ, ಇಲ್ಲವೇ ಗುಬ್ಬಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ನಿಂತಿದ್ದರೆ, ನನ್ನ ಬಾಳು ಬೇರೆಯೇ ಆಗುತ್ತಿತ್ತು. ಆದರೆ ನಿಂತದ್ದು ತುಮಕೂರಿನ ಅಂಚಿನ ಮರಳೂರಿನಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲಿ, ಅವರೆಕಾಳು ಸಾರಿನ ಜೊತೆ, ನಾನೇ ತಿರುವಿ ಕಟ್ಟಿದ ಮುದ್ದೆ. ಇದೊಂದು ಸಾಕಾಯಿತು ಜನಕ್ಕೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಸೈಕಲ್ಲಿನಲ್ಲಿ ಶಿಫ್ಟಿಗೆ ಹೋಗಿಬರುತ್ತಿದ್ದರು. ಅತ್ತೆ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಮಾವನಿಗೆ ಚೇಳೂರಿನಲ್ಲಿ ತೆಂಗಿನ ತೋಟವಿತ್ತು, ಒಂದಿಷ್ಟು ರಾಗಿ ಹೊಲವಿತ್ತು. ಕೆಲವು ದಿನ ತೋಟದಲ್ಲಿ, ಕೆಲವು ದಿನ ನಮ್ಮಲ್ಲಿ, ಮನಸ್ಸು ಬಂದರೆ ಗುಬ್ಬಿಯಲ್ಲಿದ್ದ ಮಗಳ ಮನೆಯಲ್ಲಿ ಇರುತ್ತಿದ್ದರು. ಆ ಮಗಳು ನನ್ನ ಗಂಡನ ಅಕ್ಕ. ನಾನು ಅತ್ತಿಗೆ ಎನ್ನುತ್ತಿದ್ದೆ. ಅತ್ತೆಯಿಲ್ಲದ ಮನೆಯೆಂದು ಸಂತೋಷಪಟ್ಟು ನನ್ನನ್ನು ಕೊಟ್ಟ ಕುಣಿಗಲ್ಲಿನ ನನ್ನ ತವರಿನವರಿಗೆ, ಆ ಜಾಗ ಖಾಲಿ ಇರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಮಾವನ ಮೇಲೆ ನನಗೆ ಅಕ್ಕರೆಯಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗುತ್ತಿದ್ದ ಅವರ ಊಟವನ್ನು ನೋಡುವುದೇ ಒಂದು ಚೆಂದ. ಹಲ್ಲಿಗೆ ತಾಗಿಸಿದರೆ ಮುದ್ದೆಗೆ ಅವಮಾನ ಎನ್ನುವ ಪೈಕಿ ಅವರು. "ಕುಣಿಗಲ್ ಕಡೇರು ಕುದುರೆ ಮೇಯ್ಸೋದು ಒಂದೇ ಕಲ್ತಿರೋದು ಅಂದ್ಕಂಡಿದ್ದೆ, ಮುದ್ದೆ ಕಟ್ಟೋದೂ ಕಲ್ತಿದೀರಲ್ಲವ್ವ" ಎಂದು ರೇಗಿಸುತ್ತಿದ್ದರು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಒಂದು ಎಸಳು ಹೊಗೆಸೊಪ್ಪನ್ನು ಕೆನ್ನೆಗೆ ಒತ್ತರಿಸಿದರೆ ಅವರ ಪ್ರಪಂಚ ಪೂರ್ತಿಯಾಗುತ್ತಿತ್ತು. ಒಳ್ಳೆಯ ಹೊಗೆಸೊಪ್ಪು ಎಲ್ಲಿ ಸಿಕ್ಕಿದರೂ ಅಪ್ಪನಿಗೆಂದು ತಂದುಕೊಡುತ್ತಿದ್ದವರು ನನ್ನ ಅತ್ತಿಗೆ.

ಅವತ್ತು ಎರಡನೇ ತುತ್ತಿಗೇ ಅವರು ನಿಂತುಬಿಟ್ಟರು. ಎದೆಯ ಮೇಲೆ ಕೈಯಿಟ್ಟುಕೊಂಡು ನೀರು ಕುಡಿದರು, ನೀರೂ ವಾಪಸ್ಸು ಬಂತು. ನಾನು ಗಾಬರಿಯಾಗಿ ಬೆನ್ನು ನೀವಿದೆ. "ಏನಿಲ್ಲ ಬುಡವ್ವ, ಗಾಳಿ ಸೇರ್ಕಂಡೈತೆ" ಎಂದರು. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ಮುದ್ದೆಯನ್ನು ಮೆತ್ತಗೆ ಮಾಡಿದೆ. ಆಮೇಲೆ ಅನ್ನ ಕಿವುಚಿ ಕೊಟ್ಟೆ, ಆಮೇಲೆ ಗಂಜಿ. ಪೇಟೆಯ ಡಾಕ್ಟರೊಬ್ಬರು ಗ್ಯಾಸ್ ಎಂದು ಒಂದು ಬಾಟಲಿ ಟಾನಿಕ್ ಕೊಟ್ಟರು.

ಸುದ್ದಿ ತಿಳಿದು ಅತ್ತಿಗೆ ಗುಬ್ಬಿಯಿಂದ ಬಂದರು. ಅಪ್ಪನ ಮುಖ ನೋಡಿ ಅತ್ತರು. ಕಣ್ಣು ಒರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ, "ಇದು ಎಲ್ಲಿ ಶುರುವಾಯ್ತಪ್ಪ?"

"ಇಲ್ಲೇ ಕಣವ್ವ, ಉಣ್ತಾ ಕುಂತಿದ್ದೆ" ಎಂದರು ಮಾವ.

ಅತ್ತಿಗೆ ನನ್ನ ಒಲೆಯನ್ನು, ಪಾತ್ರೆಗಳನ್ನು, ಆಮೇಲೆ ನನ್ನನ್ನು ನೋಡಿದರು. ಆ ನೋಟ ಏನೆಂದು ನನಗೆ ತಕ್ಷಣ ಗೊತ್ತಾಯಿತು. ನಮ್ಮ ಕಡೆ ಹೆಣ್ಣಾಗಿ ಹುಟ್ಟಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅನ್ನದಲ್ಲಿ ಮದ್ದು ಹಾಕುವುದು ಎಂದು ಒಂದು ಮಾತಿದೆ. ಯಾರನ್ನಾದರೂ ವಶ ಮಾಡಿಕೊಳ್ಳಬೇಕಾದರೆ, ಆಸ್ತಿ ಬರೆಸಿಕೊಳ್ಳಬೇಕಾದರೆ, ಊಟದಲ್ಲಿ ಏನನ್ನೋ ಬೆರೆಸಿ ತಿನ್ನಿಸುತ್ತಾರಂತೆ. ಅದು ಒಳಗೆ ಅಂಟಿಕೊಂಡು, ಕೂದಲು ಬೆಳೆಸಿಕೊಂಡು, ಮನುಷ್ಯನನ್ನು ಒಳಗಿನಿಂದ ತಿನ್ನುತ್ತದಂತೆ. ಹಾಕಿದವರು ಯಾರೆಂದರೆ ಯಾವಾಗಲೂ ಅಡುಗೆ ಮಾಡಿದ ಹೆಂಗಸು. ಗಂಡಸೊಬ್ಬ ಮದ್ದು ಹಾಕಿದ ಎಂದು ನಾನು ಇವತ್ತಿನವರೆಗೆ ಕೇಳಿಲ್ಲ.

ಮದ್ದು ತೆಗೆಯುವವನೊಬ್ಬ ಇದ್ದ. ಅವನ ಊರೂ ನನ್ನ ತವರಿನ ದಾರಿಯಲ್ಲೇ ಇರಬೇಕೇ? ಕುಣಿಗಲ್ ಬಸ್ಸು ಹತ್ತಿ, ಊರು ಸಿಗುವ ಮೊದಲೇ ಇಳಿದು, ಹೊಲದ ಬದುವಿನ ಮೇಲೆ ನಡೆಯಬೇಕು. ನಾನು ಬರುವುದಿಲ್ಲವೆಂದೆ. "ಬರ್ದಿದ್ರೆ ಭಯ ಐತೆ ಅಂತ ಆಯ್ತದೆ" ಎಂದರು ಅತ್ತಿಗೆ. ನನ್ನ ಗಂಡ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಬಂದ್ಬುಡು, ಆಗೋದ್ ಆಗ್ಲಿ" ಎಂದರು. ಹೋದೆ.

ಆ ಮನುಷ್ಯ ಮಾವನ ಅಂಗೈ ಚಾಚಿಸಿ, ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ಕಿವುಚಿ ರಸ ಹಿಂಡಿದ. ರಸ ಹರಿದುಹೋದರೆ ಏನೂ ಇಲ್ಲ, ಹೆಪ್ಪುಗಟ್ಟಿದರೆ ಮದ್ದು ಇದೆ ಎಂದ. ಎಲ್ಲರೂ ಬಗ್ಗಿ ನೋಡಿದರು. ಸ್ವಲ್ಪ ಹೊತ್ತಿಗೆ ರಸ ಅಂಗೈಯಲ್ಲಿ ಹಸಿರು ಮೊಸರಿನ ಹಾಗೆ ಗಟ್ಟಿಯಾಗಿ ಕೂತಿತು.

ನನಗೆ ನಗು ಬಂದುಬಿಟ್ಟಿತು. ಅದು ದಾಗಡಿ ಸೊಪ್ಪು. ಚಿಕ್ಕವರಿದ್ದಾಗ ಬೇಲಿಯಿಂದ ಕಿತ್ತು, ಕಿವುಚಿ, ತೆಂಗಿನ ಚಿಪ್ಪಿನಲ್ಲಿ ಮೊಸರು ಮಾಡಿ ಆಡುತ್ತಿದ್ದ ಸೊಪ್ಪು. ಅದರ ರಸವನ್ನು ಕಲ್ಲಿನ ಮೇಲೆ ಹಿಂಡಿದರೂ ಹೆಪ್ಪುಗಟ್ಟುತ್ತದೆ. "ಇದು ದಾಗಡಿ ಸೊಪ್ಪು ಕಣ್ರೀ, ಯಾರ ಕೈಗೆ ಹಾಕಿದ್ರೂ ಹಿಂಗೇ ಆಗೋದು. ಬೇಕಾದ್ರೆ ನಿಮ್ ಕೈಗೇ ಹಾಕ್ಕಳಿ!" ಎಂದುಬಿಟ್ಟೆ.

ನಾನು ಗೆದ್ದೆ ಅಂದುಕೊಂಡಿದ್ದೆ. ಮದ್ದು ತೆಗೆಯುವವನು ಅತ್ತಿಗೆಯ ಕಡೆ ತಿರುಗಿ ಮೆತ್ತಗೆ ಹೇಳಿದ, "ನೋಡಿದ್ರಲ್ಲಮ್ಮ. ಸೊಪ್ಪಿನ ಗುಣ ಎಲ್ಲಾ ತಿಳ್ಕಂಡವ್ರೆ." ಅತ್ತಿಗೆಯ ಮುಖದಲ್ಲಿ ಇದ್ದ ಅನುಮಾನ ಅಲ್ಲಿಗೆ ಹೋಗಿ, ಖಾತ್ರಿ ಬಂದು ಕೂತಿತು. ಗೊತ್ತಿದ್ದದ್ದನ್ನು ಹೇಳಿದರೆ ಅದೇ ಸಾಕ್ಷಿಯಾಗುವ ಪಂಚಾಯಿತಿಯಲ್ಲಿ ಬಾಯಿಬಿಡಬಾರದಿತ್ತು. ನನ್ನ ಬಾಯಿ ಯಾವತ್ತೂ ನನ್ನ ಮಾತು ಕೇಳಿಲ್ಲ.

ಆಮೇಲೆ ಅವನು ಮಜ್ಜಿಗೆಯಲ್ಲಿ ಏನನ್ನೋ ಕಲಸಿ ಕುಡಿಸಿದ. ಗಂಜಿಯೇ ತಡೆದು ಇಳಿಯುವ ಗಂಟಲು, ಅದು ಪಾಪ ಎಲ್ಲಿಗೆ ಇಳಿದೀತು? ಮಾವ ಕರುಳು ಕಿತ್ತುಬರುವ ಹಾಗೆ ವಾಂತಿ ಮಾಡಿಕೊಂಡರು. ಅವನು ಬಾಳೆಲೆಯ ಮೇಲೆ ಬಿದ್ದದ್ದನ್ನು ಕಡ್ಡಿಯಿಂದ ಕೆದಕಿ, ಕೂದಲು ಸುತ್ತಿಕೊಂಡ ಒಂದು ಕಪ್ಪು ಉಂಡೆಯನ್ನು ಎತ್ತಿ ತೋರಿಸಿದ. ನಾನು ಅವನ ಬೆರಳ ಸಂದಿಯನ್ನು ನೋಡುತ್ತಿದ್ದೆ. ಮಿಕ್ಕವರೆಲ್ಲ ನನ್ನ ಮುಖ ನೋಡುತ್ತಿದ್ದರು. ಮಾವ ಮಾತ್ರ ನೆಲ ನೋಡುತ್ತಿದ್ದರು.

ಅವತ್ತೇ ಮಾವನನ್ನು ಗುಬ್ಬಿಗೆ ಕರೆದುಕೊಂಡು ಹೋದರು. ನನ್ನ ಕೈಯ ನೀರೂ ಅವರಿಗೆ ಬೇಡವಾಯಿತು. ಅಲ್ಲಿ ಹಾಲು, ಗಂಜಿ ಅಷ್ಟೇ ಕೊಡುತ್ತಿದ್ದುದರಿಂದ ಒಂದಷ್ಟು ದಿನ ಸಲೀಸಾಗಿ ಇಳಿಯಿತು. "ಮದ್ದು ಹೋಯ್ತು, ಅಪ್ಪ ಉಣ್ತಾವ್ನೆ" ಎಂದು ಸುದ್ದಿ ಹಬ್ಬಿತು. ಬೀದಿಯ ನಲ್ಲಿಯಲ್ಲಿ ನನ್ನ ಬಿಂದಿಗೆಯ ಪಕ್ಕ ಬಿಂದಿಗೆ ಇಡಲು ಹೆಂಗಸರು ಹಿಂದೆಮುಂದೆ ನೋಡತೊಡಗಿದರು. ಪಕ್ಕದ ಮನೆಗೆ ಕೊಟ್ಟ ಹುಳಿ ಬಟ್ಟಲು, ಮುಟ್ಟದೆ ಹಾಗೆಯೇ ವಾಪಸ್ಸು ಬಂತು. ಮನೆಯಲ್ಲಿ ಗಂಡನನ್ನು ಕೇಳಿದೆ, "ನೀವೂ ನಂಬ್ತೀರಾ?"

"ನಾನ್ಯಾಕೆ ನಂಬ್ಲಿ ಕಣೇ. ಅಕ್ಕನ್ ಎದುರಿಗೆ ಏನಂತ ಹೇಳೋದು?"

ನಂಬದವರು ಹೀಗೆ ಸುಮ್ಮನಿದ್ದರೆ, ನಂಬಿದವರಿಗಿಂತ ಹೆಚ್ಚು ಕೆಡುಕು ಮಾಡುತ್ತಾರೆ.

ಆಮೇಲೆ ಹಾಲೂ ಎದೆಯಲ್ಲಿ ನಿಲ್ಲತೊಡಗಿತು. ನಾನು ಗುಬ್ಬಿಗೆ ಹೋಗಿ ಹೊಸ್ತಿಲ ಆಚೆಯಿಂದ ನೋಡಿದಾಗ ಮಾವ ಗೋಡೆಗೆ ಒರಗಿ ಕೂತು, ಒಂದು ಪಾವಿನ ಲೋಟಕ್ಕೆ ಎಂಜಲು ಉಗಿಯುತ್ತಿದ್ದರು. ತಮ್ಮ ಎಂಜಲನ್ನೂ ಅವರಿಂದ ನುಂಗಲಾಗುತ್ತಿರಲಿಲ್ಲ. ಬನೀನು ಮೈಮೇಲೆ ನೇತಾಡುತ್ತಿತ್ತು. ಅವತ್ತು ಗಂಡನಿಗೆ ಹೇಳಿದೆ, "ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ದಿದ್ರೆ ನಾನು ಕುಣಿಗಲ್ಲಿಗೆ ಹೋಗ್ತೀನಿ, ವಾಪಸ್ ಬರೋದಿಲ್ಲ." ಅಪ್ಪನ ಸ್ಥಿತಿ ಕಂಡು ಹೆದರದಿದ್ದರೂ, ನಾಳೆ ಊಟದ ಡಬ್ಬಿ ಕಟ್ಟುವವರು ಯಾರು ಎಂಬುದಕ್ಕೆ ಹೆದರಿದರು ಅಂತ ಕಾಣುತ್ತದೆ.

ತುಮಕೂರಿನಲ್ಲಿ ಸುಣ್ಣದ ನೀರಿನಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿಯ ದಾರಿಯೊಂದು ಅಗಲವಾಗಿ ಬಂದು, ಎದೆಯ ನಡುವೆ ದಾರದಷ್ಟು ಸಣ್ಣಗಾಗಿ, ಇಲಿ ಕಡಿದ ಹಾಗೆ ಅಂಚು ಹರಿದು ಹೋಗಿತ್ತು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಗಂಟಲಿಗೆ ಕೊಳವೆ ಇಳಿಸಿ ಚೂರು ತೆಗೆದು ಪರೀಕ್ಷೆ ಮಾಡಿ ಹೇಳಿದರು: ಅನ್ನನಾಳದ ಕ್ಯಾನ್ಸರ್.

ನನ್ನ ಗಂಡ ಬೆಂಚಿನ ಮೇಲೆ ಕುಸಿದು ಕೂತರು. ಅತ್ತಿಗೆ ಗೋಡೆಗೆ ಹಣೆ ಚಚ್ಚಿಕೊಂಡರು. ನನಗೆ ಸಂತೋಷವಾಯಿತು. ಹೌದು, ಮಾವನಿಗೆ ಕ್ಯಾನ್ಸರ್ ಎಂದಾಗ ಸಂತೋಷವಾದ ಸೊಸೆ ನಾನು, ಅದಕ್ಕೆ ಯಾರು ಏನು ಬೇಕಾದರೂ ಅನ್ನಲಿ. ಆ ಕಾಯಿಲೆಗೆ ಕೊನೆಗೂ ನನ್ನದಲ್ಲದ ಒಂದು ಹೆಸರು ಸಿಕ್ಕಿತ್ತು.

ಆಪರೇಷನ್ ಮಾಡುವ ಡಾಕ್ಟರು ಕಾಗದದ ಮೇಲೆ ಗೀಟು ಎಳೆದು ವಿವರಿಸಿದರು. ಅನ್ನದ ಕೊಳವೆಯ ಕೆಟ್ಟ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಜಠರವನ್ನು ಎದೆಯೊಳಕ್ಕೆ ಮೇಲೆಳೆದು, ಉಳಿದ ಕೊಳವೆಗೆ ಹೊಲಿಯುತ್ತಾರೆ. ಎದೆಯನ್ನೂ ಹೊಟ್ಟೆಯನ್ನೂ ತೆರೆಯಬೇಕು, ಎಲ್ಲರೂ ತಡೆದುಕೊಳ್ಳುವುದಿಲ್ಲ ಎಂದರು. ಹೊಗೆಸೊಪ್ಪು ಹಾಕುವ ಅಭ್ಯಾಸ ಇದೆಯೇ ಎಂದು ಕೇಳಿದರು. ಮಾವ ಹೌದೆಂದು ತಲೆ ಆಡಿಸಿದರು. "ಅದೂ ಕಾರಣ ಇರಬಹುದು" ಎಂದರು ಡಾಕ್ಟರು. ನಾನು ಅತ್ತಿಗೆಯ ಕಡೆ ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು.

ಆ ಸ್ಥಿತಿಯಲ್ಲಿ ಚಾಕು ಹಾಕುವಂತಿರಲಿಲ್ಲ, ಮೊದಲು ಮೈಗೆ ಒಂದಿಷ್ಟು ಶಕ್ತಿ ಬರಬೇಕಿತ್ತು. ಹೊಟ್ಟೆಗೆ ಸಣ್ಣ ತೂತು ಮಾಡಿ ಒಂದು ರಬ್ಬರ್ ನಳಿಗೆ ಕೂರಿಸಿದರು. ಸೋಸಿದ ಗಂಜಿ, ಹಾಲು, ಎಳನೀರನ್ನು ಅದರೊಳಗೆ ನಿಧಾನವಾಗಿ ಬಿಡಬೇಕು. ಮನೆಯವರು ಒಬ್ಬರು ಕಲಿತುಕೊಳ್ಳಿ ಎಂದು ನರ್ಸಮ್ಮ ಹೇಳಿದಾಗ ಅತ್ತಿಗೆ ಮುಂದೆ ಬಂದರು, ಹೊಟ್ಟೆಯಿಂದ ನಳಿಗೆ ಹೊರಗೆ ನೇತಾಡುವುದನ್ನು ಕಂಡು ತಲೆ ತಿರುಗಿ ಕೂತರು. ನನ್ನ ಗಂಡ ಬೀಡಿ ನೆನಪಾಗಿ ಕೆಳಗೆ ಹೋದರು. ನಾನು ಕಲಿತೆ. ಬಾಯಿಗೆ ಬೇಡವಾದ ಕೈ ಹೊಟ್ಟೆಯ ತೂತಿಗೆ ಬೇಕಾಯಿತು. ನಾನು ಗಂಜಿ ಬಿಡುತ್ತಿದ್ದಾಗ ಮಾವ ತಾರಸಿ ನೋಡುತ್ತಾ ಮಲಗಿರುತ್ತಿದ್ದರು. ಕೈ ಮಾತ್ರ ಒಂದೊಂದು ಸಲ ನನ್ನ ಸೆರಗಿನ ಅಂಚು ಹಿಡಿದುಕೊಂಡಿರುತ್ತಿತ್ತು.

ನನಗಿದ್ದ ಆಸೆ ಒಂದೇ. ಡಾಕ್ಟರು ಕುಯ್ದು ನೋಡಲಿ, ಒಳಗೆ ಏನಿತ್ತು ಎಂದು ತಮ್ಮ ಬಾಯಲ್ಲೇ ಹೇಳಲಿ. ಕೂದಲಿಲ್ಲ, ಉಂಡೆಯಿಲ್ಲ, ಸೊಸೆಯ ಕೈವಾಡವಿಲ್ಲ ಎಂದು. ಮಾವ ಬದುಕಲಿ ಎಂದು ಹರಕೆ ಹೊತ್ತವರ ಪೈಕಿ ನಾನೂ ಒಬ್ಬಳು, ಆದರೆ ನನ್ನ ಹರಕೆಯಲ್ಲಿ ಇದೂ ಸೇರಿತ್ತು.

ಆಪರೇಷನ್ ದಿನ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರನ್ನು ಮಧ್ಯಾಹ್ನದ ಊಟದ ಹೊತ್ತು ದಾಟಿದರೂ ಹೊರಗೆ ತರಲಿಲ್ಲ. ಸಂಜೆಯಾಗುವಾಗ ಬಾಗಿಲು ತೆರೆಯಿತು. ಡಾಕ್ಟರು ಮೂಗಿನ ಬಟ್ಟೆ ಕೆಳಗಿಳಿಸಿಕೊಂಡು ನಿಂತಿದ್ದರು. ಆಗೆಲ್ಲ ಒಳಗಿನಿಂದ ತೆಗೆದದ್ದನ್ನು ಮನೆಯವರಿಗೆ ತೋರಿಸುವ ರೂಢಿಯಿತ್ತು. ನಿಜವಾಗಿಯೂ ಆಪರೇಷನ್ ಮಾಡಿದ್ದಾರೆ ಎಂದು ಜನಕ್ಕೆ ನಂಬಿಕೆ ಬರಲಿ ಎಂದು. ಪಕ್ಕದಲ್ಲಿ ನರ್ಸಮ್ಮ ಬಿಳಿ ತಟ್ಟೆ ಹಿಡಿದಿದ್ದರು. ಅದರಲ್ಲಿ ಉದ್ದಕ್ಕೆ ಸೀಳಿದ ಒಂದು ಮಾಂಸದ ಕೊಳವೆ, ನಡುವೆ ಬೂದುಬಣ್ಣದ ಗಡ್ಡೆ.

"ನೋಡ್ಕೊಳ್ಳಿ, ಇದೇ ಇದ್ದದ್ದು. ತೆಗೆದಾಗಿದೆ" ಎಂದರು ಡಾಕ್ಟರು.

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ ನಮ್ಮಪ್ಪ! ಇಷ್ಟ್ ದಪ್ಪ ಉಳ್ಕಂಡಿತ್ತಾ? ಆ ಮದ್ದು ತೆಗೆಯೋನು ಮೇಲಿಂದು ಒಂಚೂರ್ ತೆಗೆದವ್ನೆ ಅಷ್ಟೇ, ಬೇರು ಒಳಗೇ ಇತ್ತು!"

ನನಗೆ ಮೈಯೆಲ್ಲ ಉರಿದುಹೋಯಿತು. ಡಾಕ್ಟರಿಗೆ ಅಡ್ಡನಿಂತು ಕೇಳಿದೆ, "ಸಾರ್, ಊಟದಲ್ಲಿ ಏನಾದ್ರೂ ಹಾಕಿದ್ರೆ ಇದು ಬರುತ್ತಾ? ಇವರಿಗೆ ಒಂದ್ ಮಾತು ಹೇಳಿ ಸಾರ್."

ಇಡೀ ದಿನ ನಿಂತು ಸುಸ್ತಾಗಿದ್ದ ಮನುಷ್ಯ. ನಕ್ಕರು. "ಯಾಕಮ್ಮ, ಏನ್ ಹಾಕಿದ್ರಿ ಊಟದಲ್ಲಿ?" ಎಂದು ತಮಾಷೆ ಮಾಡಿ, ನನ್ನ ಉತ್ತರಕ್ಕೂ ಕಾಯದೆ ಒಳಗೆ ಹೋದರು. ಬಾಗಿಲು ಮುಚ್ಚಿತು. ಅವರ ಕೈಗುಣ ದೊಡ್ಡದು, ಮಾವನನ್ನು ಬದುಕಿಸಿದ್ದೇ ಅವರು. ಆದರೆ ಆ ಒಂದು ತಮಾಷೆಗೆ ನಾನು ಅವರನ್ನು ಮನ್ನಿಸಿಲ್ಲ.

ನಾವು ವಾಪಸ್ಸು ಬರುವ ಮೊದಲೇ ಸುದ್ದಿ ಗುಬ್ಬಿ ಮುಟ್ಟಿ, ಅಲ್ಲಿಂದ ಬಸ್ಸು ಹತ್ತಿ ಚೇಳೂರು ಸೇರಿತ್ತು. ಬೆಂಗಳೂರಿನ ಡಾಕ್ಟರು ಎದೆ ಸೀಳಿ ಮದ್ದು ತೆಗೆದರಂತೆ, ತಟ್ಟೆಯಲ್ಲಿಟ್ಟು ತೋರಿಸಿದರಂತೆ, ಸೊಸೆಯನ್ನು ಎಲ್ಲರೆದುರಿಗೆ ನಿಲ್ಲಿಸಿ ಏನು ಹಾಕಿದೆ ಎಂದು ಕೇಳಿದರಂತೆ. ಮದ್ದು ಅನ್ನುವ ಒಂದು ಪದ ಬಿಟ್ಟರೆ ಮಿಕ್ಕ ಒಂದೊಂದು ಮಾತೂ ನಡೆದದ್ದೇ. ಹಾಗಾಗಿ ಯಾವುದನ್ನೂ ಅಲ್ಲಗಳೆಯುವಂತಿರಲಿಲ್ಲ. ಚೇಳೂರಿನ ಒಂದು ಮದುವೆಯ ಊಟದಲ್ಲಿ ನಾನು ಪಾಯಸದ ಪಾತ್ರೆ ಹಿಡಿದು ಪಂಕ್ತಿಗೆ ಬಂದಾಗ, ನನ್ನ ವಯಸ್ಸಿನವಳೊಬ್ಬಳು ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟಳು. ಅವಳ ಪಕ್ಕದವಳೂ ಇಟ್ಟಳು. ಸಾಲು ಪೂರ್ತಿ ಹೋಗುವ ಧೈರ್ಯ ನನಗಾಗಲಿಲ್ಲ.

ಮಾವ ಚೇತರಿಸಿಕೊಂಡರು. ದನಿ ಒಡೆದಿತ್ತು. ಚಪ್ಪಟೆಯಾಗಿ ಮಲಗಿದರೆ ಉಂಡದ್ದು ಗಂಟಲಿಗೆ ಬರುತ್ತಿದ್ದುದರಿಂದ ದಿಂಬು ಪೇರಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಹೊಟ್ಟೆಯ ನಳಿಗೆ ತೆಗೆದ ಮೇಲೆ ನನ್ನ ಕೆಲಸ ಮುಗಿಯಿತು, ಅವರು ಗುಬ್ಬಿಗೆ ಹೋದರು. ಕೆಲವು ತಿಂಗಳ ಮೇಲೆ ಅಲ್ಲಿಯೇ, ಮಗಳ ಕೈಯ ಅನ್ನವೇ, ಮತ್ತೆ ಎದೆಯಲ್ಲಿ ನಿಂತಿತು. ಕೇಳಿದ ಕೂಡಲೇ ನಾನು ಅತ್ತಿಗೆಯ ಮುಖ ನೋಡಬೇಕೆಂದು ಗುಬ್ಬಿಗೆ ಓಡಿದೆ. ಈಗ ಏನನ್ನುತ್ತಾರೆ?

"ಹಳೇದ್ರ ಉಳಿಕೆ" ಎಂದರು ಅತ್ತಿಗೆ.

ಹೊಲಿಗೆ ಹಾಕಿದ ಜಾಗ ಗಾಯ ಮಾಯುವಾಗ ಬಿಗಿದುಕೊಂಡಿದೆ, ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಆಗಾಗ ಹೋಗಿ ಗಂಟಲಿಗೆ ಬಾಗುವ ಕಡ್ಡಿ ಇಳಿಸಿಕೊಂಡು ಅಗಲ ಮಾಡಿಸಿಕೊಂಡು ಬರಬೇಕು. ಮೊದಲ ಸಲ ಅತ್ತಿಗೆ ಹೋದರು, ಆಮೇಲೆ ಅವರಿಗೆ ಮಂಡಿ ನೋವು ಬಂತು. ಗಂಡನಿಗೆ ರಜೆ ಇರಲಿಲ್ಲ. ಮಾವ ಮತ್ತೆ ಮರಳೂರಿಗೆ ಬಂದರು, ಬೆಂಗಳೂರಿಗೆ ಅವರನ್ನು ಕರೆದುಕೊಂಡು ಹೋಗಿಬರುವವಳು ನಾನೇ ಆದೆ. ನೋಡುವವರಿಲ್ಲದ ನಮ್ಮ ಅಡುಗೆಮನೆಯಲ್ಲಿ ಅವರು ನನ್ನ ಕೈಯ ಗಂಜಿಯನ್ನು ಸದ್ದಿಲ್ಲದೆ ಕುಡಿಯುತ್ತಿದ್ದರು. ಬಾಗಿಲಲ್ಲಿ ಯಾರಾದರೂ ನೆಂಟರು ಕಂಡರೆ ಲೋಟ ಕೆಳಗಿಡುತ್ತಿದ್ದರು.

ಒಂದು ಸಲ ಕಡ್ಡಿ ಇಳಿಸಿದ ಮೇಲೆ ಡಾಕ್ಟರು ಕೇಳಿದರು, "ಮನೇಲಿ ಊಟ ಯಾರು ನೋಡ್ಕೊಳ್ತಾರಜ್ಜ? ತೂಕ ಚೆನ್ನಾಗಿ ಬಂದಿದೆ."

ಮಾವ ಒಡೆದ ದನಿಯಲ್ಲಿ ಹೇಳಿದರು, "ಇವ್ಳೇ ಸ್ವಾಮಿ, ನನ್ ಸೊಸೆ. ಇವ್ಳಿಲ್ದಿದ್ರೆ ಯಾವತ್ತೋ ಮಣ್ಣಾಗ್ತಿದ್ದೆ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ವಾಪಸ್ಸು ಬರುವ ಬಸ್ಸು ನೆಲಮಂಗಲ ದಾಟಿದ ಮೇಲೆ ಕೇಳಿದೆ. "ಮಾವ, ನೀವು ಮದ್ದಿನ್ ಮಾತು ನಂಬಿದ್ರಾ?"

"ಯಾವತ್ತೂ ನಂಬ್ನಿಲ್ಲ ಕಣವ್ವ."

"ಮತ್ತೆ ಅವತ್ತು ಅವನ ಮುಂದೆ ಕೈ ಚಾಚಿದ್ರಲ್ಲ?"

"ಮಗ್ಳು ಕರ್ಕಂಡ್ ಹೋದ್ಲು. ಹೋದೆ."

"ಹಂಗಾದ್ರೆ ಇದನ್ನ ಅತ್ಗೆ ಎದುರಿಗೆ ಹೇಳಿ. ಚೇಳೂರಲ್ಲಿ ನಾಲ್ಕು ಜನರ ಎದುರಿಗೆ ಒಂದೇ ಒಂದ್ ಸಲ ಹೇಳಿ, ಮಾವ. ನಾನು ಬೇರೇನೂ ಕೇಳಲ್ಲ."

ಅವರು ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. "ನಾನು ಹಂಗಂದ್ರೆ ಅವ್ಳು ಸುಳ್ಳಿ ಆಯ್ತಾಳೆ. ಹೆತ್ತಪ್ಪನೇ ಸುಳ್ಳಿ ಅಂದ ಅಂದ್ರೆ ಅವ್ಳ ಅತ್ತೆ ಮನೇಲಿ ಬುಟ್ಟಾರಾ? ನಿಂಗೆ ಹೆಂಗೂ ಹೆಸ್ರು ಬಂದಾಗೈತೆ, ಅಭ್ಯಾಸನೂ ಆಗೈತೆ. ಇರ್ಲಿ ಬುಡವ್ವ." ಅಷ್ಟು ಹೇಳಿ, ನನ್ನ ಕೈ ಮೇಲೆ ಕೈಯಿಟ್ಟರು. ಸಮಾಧಾನ ಮಾಡಲಿಕ್ಕೆ.

ನಾನು ಕೈ ಎಳೆದುಕೊಂಡೆ. ಮನೆಗೆ ಬಂದು ಗಂಜಿ ಮಾಡಿ ಕೊಟ್ಟೆ. ಅವರು ಇರುವವರೆಗೂ ಕೊಟ್ಟೆ, ಆದರೆ ಮಾತು ಕಮ್ಮಿ ಮಾಡಿದೆ. ಮಾರನೇ ವರ್ಷ ಕಾಯಿಲೆ, ಡಾಕ್ಟರು ಲಿವರ್ ಎನ್ನುವ ಈಲಿಗೆ ಹರಡಿ ಅವರು ಹೋದರು. ಕಾರ್ಯದ ದಿನ ಚೇಳೂರಿನಲ್ಲಿ ಎಡೆಗೆ ಅಡುಗೆ ಮಾಡುವಾಗ ಅತ್ತಿಗೆ ನನ್ನನ್ನು ಒಲೆಯ ಹತ್ತಿರದಿಂದ ಎಬ್ಬಿಸಿ, "ನೀನು ಹೂವ ಕಟ್ಟೋಗು" ಎಂದರು. ಸತ್ತವರನ್ನೂ ನನ್ನಿಂದ ಕಾಪಾಡಬೇಕಿತ್ತು.

ಕಾರ್ಯ ಮುಗಿಸಿ ತುಮಕೂರಿಗೆ ಬರುತ್ತಿದ್ದಾಗ ನನ್ನ ಗಂಡ ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಅಪ್ಪ ಇನ್ನೊಂದೆರಡು ವರ್ಷ ಇದ್ದಿದ್ರೆ ನಿನ್ ಮೇಲಿನ್ ಮಾತನ್ನ ಅವ್ರೇ ತೆಗೆದಾಕೋರು ಕಣೇ" ಎಂದರು. ನಾನು ಅವರಿಗೆ ನೆಲಮಂಗಲದ ಆಚೆ ನಡೆದ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ನಾನೆಷ್ಟು ಉರಿದಿದ್ದೇನೆ ಎಂದು ಈಗಲಾದರೂ ಗೊತ್ತಾಗಲಿ ಎಂದು ಹೇಳಿದೆ. ಅವರು ಗುಬ್ಬಿ ದಾಟಿ ಬಹಳ ದೂರದವರೆಗೆ ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ಅಪ್ಪನ ಮೇಲೆ ಸಿಟ್ಟು ಬಂದಿದೆ ಅಂದುಕೊಂಡೆ.

ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು, "ಅಪ್ಪ ಹೇಳಿದ್ರಲ್ಲೂ ನ್ಯಾಯ ಐತಲ್ವೇನೇ. ಅಕ್ಕನ್ ಸಂಸಾರಾನೂ ನೋಡ್ಬೇಕಲ್ಲ."